ಮನೆಯ ತಾಳೆಗರಿ ಕಟ್ಟುಗಳನ್ನು ಹೊರದೇಶದ ತಂಡಕ್ಕೆ ತೋರಿಸಬಹುದಾ? ಅನುಭವ ಇರುವವರು ದಯವಿಟ್ಟು ಹೇಳಿ

ಸಾಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಹಳೆಯ ಮನೆ. ಅಡುಗೆಮನೆ ಮೇಲಿನ ಅಟ್ಟದಲ್ಲಿ ಒಂದು ಮರದ ಪೆಟ್ಟಿಗೆ ಇದೆ, ಅದರಲ್ಲಿ 11 ತಾಳೆಗರಿ ಕಟ್ಟುಗಳಿವೆ. ಅಜ್ಜ ಇದ್ದಾಗ ನವರಾತ್ರಿಯಲ್ಲಿ ಅವನ್ನು ಕೆಳಗಿಳಿಸಿ, ಒಣ ಬಟ್ಟೆಯಲ್ಲಿ ಒರೆಸಿ, ಸರಸ್ವತಿ ಪೂಜೆಗೆ ಇಟ್ಟು ಮತ್ತೆ ಮೇಲಿಡುತ್ತಿದ್ದರು. ಹೊಗೆ ತಾಗಿ ತಾಗಿ ಗರಿಗಳೆಲ್ಲ ಕಪ್ಪು ಕಂದು ಬಣ್ಣಕ್ಕೆ ತಿರುಗಿವೆ. ಆ ಹೊಗೆಯಿಂದಲೇ ಹುಳ ಬಿದ್ದಿಲ್ಲ ಅಂತ ಅಜ್ಜ ಹೇಳುತ್ತಿದ್ದರು. ಲಿಪಿ ತಿಗಳಾರಿ, ನಮ್ಮ ಕಡೆ ಹಿಂದೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ. ಅಜ್ಜನಿಗೆ ಓದೋಕೆ ಬರುತ್ತಿತ್ತು, ಅಪ್ಪಯ್ಯನಿಗೆ ಬರಲ್ಲ, ನನಗೂ ಬರಲ್ಲ. ನಾಲ್ಕು ಕಟ್ಟುಗಳ ಅಂಚು ಮುಟ್ಟಿದರೆ ಪುಡಿಯಾಗಿ ಬೆರಳಿಗೆ ಅಂಟುತ್ತದೆ.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ನಮ್ಮ ಮೇಷ್ಟ್ರ ಪರಿಚಯದ ಒಂದು ಹೊರದೇಶದ ವಿಶ್ವವಿದ್ಯಾಲಯದ ತಂಡ ಇಂಥ ಹಸ್ತಪ್ರತಿಗಳ ಮೇಲೆ ಕೆಲಸ ಮಾಡುತ್ತಿದೆ. ಬೇರೆ ಬೇರೆ ಬೆಳಕಿನಲ್ಲಿ ಫೋಟೋ ತೆಗೆಯುತ್ತೇವೆ, ಸಾಧ್ಯವಾದರೆ ಗರಿಯ ಒಂದು ಚೂರನ್ನು ಕಾಲ ಪರೀಕ್ಷೆಗೆ ತೆಗೆದುಕೊಂಡು ಹೋಗುತ್ತೇವೆ ಅಂತ ಕೇಳಿದ್ದಾರೆ. ನನಗೆ ತುಂಬಾ ಆಸೆ ಇದೆ. ಆದರೆ ಅಪ್ಪಯ್ಯ ಸುತರಾಂ ಒಪ್ಪುತ್ತಿಲ್ಲ. ಅವರ ಸಿಟ್ಟಿಗೂ ಕಾರಣ ಇದೆ. ಸುಮಾರು ನಲವತ್ತು ವರ್ಷದ ಹಿಂದೆ ಒಬ್ಬರು ಬಂದು, ಓದಿ ವಾಪಸ್ ಕೊಡುತ್ತೇನೆ ಅಂತ ಒಂದು ಕಟ್ಟು ತೆಗೆದುಕೊಂಡು ಹೋದರಂತೆ. ಮೊದಲು ಪೆಟ್ಟಿಗೆಯಲ್ಲಿ 12 ಇತ್ತು. ಅದು ಬರಲೇ ಇಲ್ಲ. ಅಜ್ಜ ಕೊನೆ ತನಕ ಅದನ್ನೇ ನೆನೆಸಿಕೊಂಡು ಕೊರಗುತ್ತಿದ್ದರು.

ನನ್ನ ಪ್ರಶ್ನೆ ಇಷ್ಟೇ. ಇಂಥ ಜಂಟಿ ಸಂಶೋಧನೆ ನಿಜವಾಗಿ ಹೇಗೆ ನಡೆಯುತ್ತದೆ? ನಮ್ಮ ವಸ್ತು, ಅವರ ಯಂತ್ರ ಅಂತಾದರೆ ಕೊನೆಗೆ ನಮಗೆ ಏನು ಉಳಿಯುತ್ತದೆ? ಒಪ್ಪುವ ಮೊದಲು ನಾನು ಏನೇನು ಕೇಳಿಕೊಳ್ಳಬೇಕು? ಭೌತಶಾಸ್ತ್ರ ಓದಿದವಳಿಗೆ ಈ ಕೆಲಸದಲ್ಲಿ ಜಾಗ ಇದೆಯಾ ಅನ್ನೋದನ್ನೂ ಗೊತ್ತಿದ್ದರೆ ಹೇಳಿ.

ಉಡುಪಿಯ ಓಲೆ

ತಂಗೀ, ಮೊದಲು ಒಂದು ಮಾತು. ನಿಮ್ಮ ಅಪ್ಪಯ್ಯ ಹೇಳೋದು ಸರಿ. ಕಟ್ಟು ಮನೆ ದಾಟಬಾರದು. ಆದರೆ ಕಟ್ಟು ಮನೆಯಲ್ಲೇ ಇದ್ದುಕೊಂಡು ಕೆಲಸ ಆಗುತ್ತದೆ, ಆಗಿದೆ ಕೂಡ. ನಮ್ಮ ಉಡುಪಿಯದ್ದೇ ಉದಾಹರಣೆ ಇದೆ.

ಪಲಿಮಾರು ಮಠದಲ್ಲಿ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಳೆಗರಿ ಪ್ರತಿ ಇದೆ. ಬರೆದವರು ಆಚಾರ್ಯರ ಶಿಷ್ಯರೇ ಆದ ಹೃಷೀಕೇಶ ತೀರ್ಥರು ಅಂತ ನಂಬಿಕೆ. ಅಂದರೆ ಸುಮಾರು 700 ವರ್ಷ ಹಳೆಯದು. ಒಟ್ಟು 36 ಕೃತಿಗಳು, ಲಿಪಿ ನಿಮ್ಮ ಮನೆಯದ್ದೇ, ತುಳು ಅನ್ನಿ, ತಿಗಳಾರಿ ಅನ್ನಿ. ಒಂದೊಂದು ಗರಿ 26 ಇಂಚು ಉದ್ದ, ಅಗಲ ಬರೀ 2 ಇಂಚು. ಎರಡು ತೂತಿನಲ್ಲಿ ಹೆಣೆದ ದಾರ, ಮೇಲೆ ಕೆಳಗೆ ಮರದ ಹಲಗೆ. ಅಂಚೆಲ್ಲ ಒಡೆದು ಉದುರುತ್ತಿತ್ತು. ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಪಿ. ಆರ್. ಮುಕುಂದ್ ಅವರಿಗೆ ಅವರ ಗುರುಗಳು ಈ ಪಾಡು ಹೇಳಿ, ಏನಾದರೂ ದಾರಿ ಹುಡುಕು ಅಂದರು. ಮುಕುಂದ್ ಹೋಗಿ ಅದೇ ಸಂಸ್ಥೆಯ ರೋಜರ್ ಈಸ್ಟನ್ ಅವರನ್ನು ಹಿಡಿದರು. ಈಸ್ಟನ್ ಮೃತ ಸಮುದ್ರದ ಸುರುಳಿಗಳ ಮೇಲೂ, ಆರ್ಕಿಮಿಡೀಸನ ಬರಹ ಇರುವ ಹಳೆಯ ಚರ್ಮದ ಪುಸ್ತಕದ ಮೇಲೂ ಇಂಥದ್ದೇ ಕೆಲಸ ಮಾಡಿದವರು.

ಇಲ್ಲಿ ಗಮನಿಸಿ. ಗರಿ ಅಮೆರಿಕಕ್ಕೆ ಹೋಗಲಿಲ್ಲ. ಕ್ಯಾಮೆರಾ ಇಲ್ಲಿಗೆ ಬಂತು. 2005-06ರ ಸುಮಾರಿಗೆ ಇಲ್ಲಿಯೇ ಕೂತು ಚಿತ್ರ ತೆಗೆದರು. 26 ಇಂಚಿನ ಗರಿ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಹಿಡಿಯಲ್ಲ, ಹಾಗಾಗಿ ಒಂದೊಂದನ್ನೂ 8ರಿಂದ 10 ತುಂಡಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಿದರು. ಒಟ್ಟು 7900 ಚಿತ್ರ.

ಇನ್ನು ಬೆಳಕಿನ ವಿಷಯ, ನೀವು ಭೌತಶಾಸ್ತ್ರದವರು, ಬೇಗ ಹಿಡಿಯುತ್ತೀರಿ. ಓಲೆಯಲ್ಲಿ ಅಕ್ಷರ ಅಂದರೆ ಕಂಟದಿಂದ, ಅಂದರೆ ಚೂಪು ಮೊನೆಯ ಕಬ್ಬಿಣದ ಲೇಖನಿಯಿಂದ, ಕೊರೆದ ಗೀರು, ಅದರೊಳಗೆ ಉಜ್ಜಿ ತುಂಬಿದ ಕಾಡಿಗೆ. ಕಾಡಿಗೆ ಅಂದರೆ ಇಂಗಾಲ. ಅದು ಕಣ್ಣಿಗೆ ಕಾಣುವ ಬೆಳಕನ್ನೂ ನುಂಗುತ್ತದೆ, ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನೂ ನುಂಗುತ್ತದೆ. ಆದರೆ ಗರಿಗೆ ವಯಸ್ಸಾಗಿ ಬಂದ ಕಂದು ಬಣ್ಣ ಇದೆಯಲ್ಲ, ಅದು ಅವಕೆಂಪು ಬೆಳಕಿಗೆ ಹೆಚ್ಚುಕಡಿಮೆ ಕಾಣದ ಹಾಗೆ. ಹಾಗಾಗಿ ಆ ಚಿತ್ರದಲ್ಲಿ ಗರಿ ಬೆಳ್ಳಗಾಗಿ, ಅಕ್ಷರ ಮಾತ್ರ ಕಪ್ಪಗೆ ಎದ್ದು ಬರುತ್ತದೆ. ಬರಿಗಣ್ಣಿಗೆ ಕಂದು ಮೇಲೆ ಕಪ್ಪು, ಏನೂ ತಿಳಿಯದ ಸಾಲು, ಅಲ್ಲಿ ನೀಟಾಗಿ ಓದಬಹುದು. ನಿಮ್ಮ ಮನೆಯ ಗರಿಗೂ ಇದು ಒದಗಬಹುದು. ಒಂದೇ ತೊಂದರೆ, ಹೊಗೆಯ ಮಸಿಯೂ ಇಂಗಾಲವೇ. ಅದು ದಪ್ಪಗೆ ಕೂತ ಕಡೆ ಅಕ್ಷರದ ಜೊತೆ ಅದೂ ಕಪ್ಪಾಗಿಯೇ ಕಾಣುತ್ತದೆ. ಅಂಥ ಗರಿಗಳನ್ನು ಮೊದಲು ಗೊತ್ತಿರುವವರ ಕೈಯಲ್ಲಿ ಹಗುರವಾಗಿ ಒರೆಸಿಸಬೇಕು.

ಮಠಕ್ಕೆ ಏನು ಉಳಿಯಿತು ಅಂದರೆ, ಮೂಲ ಗರಿ ಉಳಿಯಿತು, ಓದಬಹುದಾದ ಚಿತ್ರಗಳು ಬಂದವು. ಚಿತ್ರಗಳನ್ನು ಪುಸ್ತಕವಾಗಿ, ಕಂಪ್ಯೂಟರ್ ಕಡತವಾಗಿ, ಜೊತೆಗೆ ಬೆಂಕಿ ನೀರಿಗೆ ಹೆದರದ ಸಿಲಿಕಾನ್ ಬಿಲ್ಲೆಗಳ ಮೇಲೂ ಉಳಿಸುವ ಕೆಲಸಕ್ಕೆ ಕೈ ಹಾಕಿದರು. ನನ್ನ ಪ್ರಕಾರ ಇದು ನಡೆದದ್ದು ಯಂತ್ರ ದೊಡ್ಡದು ಅಂತಲ್ಲ. ನಡುವೆ ನಿಂತವರಿಗೆ ಎರಡೂ ಕಡೆಯ ಭಾಷೆ ಗೊತ್ತಿತ್ತು, ಮಠದ ಮಡಿ ಮೈಲಿಗೆಯಿಂದ ಹಿಡಿದು ಕ್ಯಾಮೆರಾದ ಮಸೂರದ ತನಕ. ನಿಮ್ಮ ಮನೆಯ ಮಟ್ಟಿಗೆ ಆ ಜಾಗ ನಿಮ್ಮದು. ಭೌತಶಾಸ್ತ್ರಕ್ಕೆ ಜಾಗ ಇದೆಯಾ ಅಂದಿರಲ್ಲ, ಅದಕ್ಕೂ ಇದೇ ಉತ್ತರ.

ಇನ್ನೊಂದು, ಕಾನೂನು. 1972ರ ಪುರಾವಸ್ತು ಕಾಯ್ದೆ ಪ್ರಕಾರ 75 ವರ್ಷ ದಾಟಿದ, ಬೆಲೆಯುಳ್ಳ ಹಸ್ತಪ್ರತಿ ಪುರಾವಸ್ತು. ಅದನ್ನು ಖಾಸಗಿ ವ್ಯಕ್ತಿ ದೇಶದ ಹೊರಗೆ ಕಳಿಸುವ ಹಾಗೇ ಇಲ್ಲ. ಚೂರು ತಾನೇ ಅಂತ ಯಾರಾದರೂ ಜೇಬಿಗೆ ಹಾಕಿಕೊಂಡು ಹೋಗಲು ಕೇಳಿದರೆ, ಆ ತಂಡದ ಜೊತೆ ಮುಂದೆ ಮಾತೇ ಬೇಡ.

ಕೊರಲೆ ಕಾಳು

ನಾನು ಹಸ್ತಪ್ರತಿಯವನಲ್ಲ, ಮಣ್ಣಿನವನು. ಬಳ್ಳಾರಿ ಕಡೆ ಒಂದು ಉತ್ಖನನದಲ್ಲಿ ವಿದ್ಯಾರ್ಥಿಯಾಗಿ ಕೆಲಸ ಮಾಡಿದ್ದೆ. ಹೊರಗಿನವರು ಬಂದರೆ ನಮಗೇನು ಸಿಗುತ್ತದೆ ಅಂತ ಕೇಳಿದ್ದೀರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸಂಗನಕಲ್ಲು ಮತ್ತು ಕಪಗಲ್ಲು ಬೆಟ್ಟಗಳ ಹೆಸರು ಕೇಳಿರಬಹುದು. ಸುಮಾರು 4000 ವರ್ಷದ ಹಿಂದೆ ದನ ಸಾಕಿಕೊಂಡು, ಕಲ್ಲಿನ ಕೊಡಲಿ ಮಾಡಿಕೊಂಡು ಜನ ಬದುಕಿದ ಜಾಗ. ಅಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರ ಜೊತೆ ಇಂಗ್ಲೆಂಡಿನಿಂದ ಬಂದ ನಿಕೋಲ್ ಬೊಯ್ವಿನ್, ಡೋರಿಯನ್ ಫುಲ್ಲರ್ ಮುಂತಾದವರು ವರ್ಷಗಟ್ಟಲೆ ಕೆಲಸ ಮಾಡಿದರು. ಫುಲ್ಲರ್ ಹುಡುಕಿದ್ದು ಚಿನ್ನ ಅಲ್ಲ, ಶಿಲ್ಪ ಅಲ್ಲ. ಕರಕಲು ಕಾಳು.

ವಿಧಾನ ತುಂಬಾ ಸರಳ. ಅಗೆದ ಮಣ್ಣನ್ನು ಬಕೆಟ್ ನೀರಿಗೆ ಸುರಿದು ಕೈಯಿಂದ ಮೆಲ್ಲಗೆ ಕಲಕಬೇಕು. ಮಣ್ಣು ತಳ ಸೇರುತ್ತದೆ, ಸುಟ್ಟ ಕಾಳು ಹಗುರ, ಮೇಲೆ ತೇಲುತ್ತದೆ. ಆ ನೀರನ್ನು ಸಣ್ಣ ಕಣ್ಣಿನ ಜರಡಿಗೆ ಬಗ್ಗಿಸಿ, ಸಿಕ್ಕಿದ್ದನ್ನು ಬಟ್ಟೆಯಲ್ಲಿ ಕಟ್ಟಿ ನೆರಳಲ್ಲಿ ಒಣಗಿಸಬೇಕು. ನಾವೂ ಇದನ್ನೇ ಮಾಡಿದ್ದು. ಮೊದಲ ದಿನ ನನಗೆ ಅದು ಬರೀ ಮಸಿ ಪುಡಿ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ, ಅಯ್ಯೋ, ಇದು ಹುರುಳಿ! ನಮ್ಮ ಮನೆಯ ಹುರುಳಿಯೇ, ಅದೇ ಮೂತ್ರಪಿಂಡದ ಆಕಾರ. ಮೈಮೇಲೆ ಮುಳ್ಳೆದ್ದಿತ್ತು.

ಇಂಥ ಕೆಲಸದಿಂದ ಗೊತ್ತಾದದ್ದು ಏನು ಅಂದರೆ, ದಕ್ಷಿಣದ ಆ ಮೊದಲ ರೈತರ ಮುಖ್ಯ ಬೆಳೆ ಹುರುಳಿ, ಹೆಸರು, ಕೊರಲೆ ಮತ್ತು ಇನ್ನೊಂದು ಸಣ್ಣ ಕಿರುಧಾನ್ಯ. ಗೋಧಿ, ಬಾರ್ಲಿ ಉತ್ತರದಿಂದ ಆಮೇಲೆ ಬಂದವು. ಈಗ ನಾವು ನಮ್ಮದೇ ಅನ್ನುವ ರಾಗಿ ಕೂಡ ಮೂಲದಲ್ಲಿ ಆಫ್ರಿಕಾದ್ದು. ಬೇಸಾಯ ಅನ್ನೋದು ಹೊರಗಿನಿಂದ ಪೂರ್ತಿಯಾಗಿ ಬಂದದ್ದಲ್ಲ, ಇಲ್ಲಿನ ಜನ ಇಲ್ಲಿನ ಕಾಳನ್ನೇ ಪಳಗಿಸಿದರು ಅನ್ನೋದಕ್ಕೆ ಇದು ಗಟ್ಟಿ ಸಾಕ್ಷಿ. ನಾನು ಪಾವಗಡದ ಕಡೆಯವನು. ನಮ್ಮಲ್ಲಿ ಇವತ್ತಿಗೂ ಕೊರಲೆ ಬೆಳೆಯುತ್ತಾರೆ. ಕರಕಲು ಕಾಳು ಯಾವುದು ಅಂತ ಗುರುತಿಸಬೇಕಾದರೆ ಪಕ್ಕದಲ್ಲಿ ಇವತ್ತಿನ ಕಾಳು ಇಟ್ಟು ನೋಡಲೇಬೇಕು. ಅದು ಇರೋದು ಪ್ರಯೋಗಾಲಯದಲ್ಲಿ ಅಲ್ಲ, ನಮ್ಮ ಅಜ್ಜಿಯ ಗುಡಾಣದಲ್ಲಿ. ಯಂತ್ರ ಅವರದು, ವಸ್ತು ನಮ್ಮದು ಅಂದಿರಲ್ಲ, ಅಷ್ಟೇ ಅಲ್ಲ ತಂಗಿ. ಅರ್ಧ ಜ್ಞಾನವೂ ನಮ್ಮದೇ.

ಕಪಗಲ್ಲಿನ ಬೆಟ್ಟದ ಮೇಲೆ ಬಡಿದರೆ ಗಂಟೆಯಂತೆ ದನಿ ಕೊಡುವ ಬಂಡೆಗಳಿವೆ, ಕಲ್ಲಲ್ಲಿ ಕುಟ್ಟಿ ಬಿಡಿಸಿದ ಎತ್ತುಗಳ ಚಿತ್ರಗಳಿವೆ. ಪಕ್ಕದಲ್ಲೇ ಕಲ್ಲು ಕ್ವಾರಿ ನಡೆದು ಎಷ್ಟೋ ಹಾಳಾಗುತ್ತಿತ್ತು. ಈ ತಂಡ ಅದನ್ನು ಹೊರಗಿನ ಪತ್ರಿಕೆಗಳಲ್ಲಿ ಬರೆದ ಮೇಲೆ ಅದರ ಮಾತು ದೂರದ ತನಕ ಹೋಯಿತು. ಬಳ್ಳಾರಿಯಲ್ಲಿ ಈಗ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ಮ್ಯೂಸಿಯಂ ಇದೆ. ಸಿಕ್ಕಿದ್ದು ಊರಲ್ಲೇ ಇದೆ, ಶಾಲೆ ಮಕ್ಕಳು ಹೋಗಿ ನೋಡುತ್ತಾರೆ. ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಸಂಗತಿ ಅದು.

ಹಾಗಂತ ಎಲ್ಲವೂ ಚೆನ್ನಾಗಿತ್ತು ಅನ್ನೋಲ್ಲ. ಇನ್ನೊಂದು ಕಡೆ, ಹೆಸರು ಬೇಡ, ನಾವು ಬಿಸಿಲಲ್ಲಿ ಆರು ವಾರ ತೊಳೆದು ಒಣಗಿಸಿ ಕೊಟ್ಟ ಮಾದರಿಗಳ ವರದಿ ಇವತ್ತಿನ ತನಕ ಬಂದಿಲ್ಲ. ಪತ್ರ ಬರೆದರೆ ಉತ್ತರ ಇಲ್ಲ. ಅದಕ್ಕೇ ಹೇಳೋದು, ವರದಿ ಯಾವಾಗ, ಯಾರಿಗೆ, ಯಾವ ಭಾಷೆಯಲ್ಲಿ ಅಂತ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ.

ಸಾಗರದ ಹುಡುಗಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಉಡುಪಿಯ ಕಥೆಯನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. "ಗರಿ ಅಲ್ಲೇ ಇತ್ತಾ? ಹಾಗಾದರೆ ಬೇರೆ ಮಾತು" ಅಂದರು. ಅಷ್ಟು ಅಂದದ್ದೇ ದೊಡ್ಡದು.

ಆ ಚೂರಿನ ವಿಷಯ ಯಾರಾದರೂ ಸ್ವಲ್ಪ ಬಿಡಿಸಿ ಹೇಳುತ್ತೀರಾ? ಉದುರಿ ಬಿದ್ದ ಚೂರುಗಳೇ ಪೆಟ್ಟಿಗೆಯ ತಳದಲ್ಲಿ ಒಂದು ಹಿಡಿ ಇವೆ. ಅದರಲ್ಲಿ ಒಂದು ಕೊಟ್ಟರೆ ಕಾಲ ಗೊತ್ತಾಗೋದಾದರೆ ನಷ್ಟ ಏನು ಅಂತ ನನಗೂ ಅನಿಸುತ್ತಿದೆ. ಕಾನೂನು ಪ್ರಕಾರವೇ ಮಾಡೋಣ, ಅದು ಬೇರೆ.

ಬರ್ಲಿನ್ ಕನ್ನಡಿಗ

ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು, ಚೂರಿನ ಬಗ್ಗೆ ನಾನು ಹೇಳುತ್ತೇನೆ.

ಈಗಿನ ಇಂಗಾಲ ಕಾಲಮಾಪನಕ್ಕೆ ವಸ್ತು ತುಂಬಾ ಕಡಿಮೆ ಸಾಕು, ಕೆಲವು ಮಿಲಿಗ್ರಾಂ. ಉಗುರಿನ ತುದಿಯಷ್ಟು ಗರಿ. ಆದರೆ ಮೂರು ಸಂಗತಿ ಯೋಚಿಸಿ. ಅದು ಸುಟ್ಟು ಹೋಗುತ್ತದೆ, ವಾಪಸ್ ಬರಲ್ಲ. ಅದು ಹೇಳೋದು ಗರಿ ಮರದಿಂದ ಇಳಿದ ಕಾಲವನ್ನು, ಬರೆದ ಕಾಲವನ್ನಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಸುಮಾರು 1650ರಿಂದ ಈಚೆಗಿನ ವಸ್ತುವಿಗೆ ಈ ವಿಧಾನ ಸರಿಯಾಗಿ ಕೆಲಸ ಮಾಡಲ್ಲ. ಆ ಕಾಲದಲ್ಲಿ ಗಾಳಿಯಲ್ಲಿನ ವಿಕಿರಣ ಇಂಗಾಲದ ಪ್ರಮಾಣ ಏರಿಳಿದಿದೆ. ಹಾಗಾಗಿ ಒಂದೇ ಅಳತೆಗೆ ಎರಡು ಮೂರು ಬೇರೆ ಬೇರೆ ಕಾಲ ಹೊಂದುತ್ತದೆ. 1680 ಇರಬಹುದು, 1780 ಇರಬಹುದು, 1850 ಕೂಡ ಇರಬಹುದು ಅನ್ನುವ ಥರದ ಉತ್ತರ ಬರುತ್ತದೆ. ಮನೆಗಳಲ್ಲಿ ಉಳಿದಿರುವ ಕಟ್ಟುಗಳು ಸಾಮಾನ್ಯವಾಗಿ ಇನ್ನೂರು ಮುನ್ನೂರು ವರ್ಷದೊಳಗಿನವು. ನಿಮ್ಮದೂ ಹಾಗೇ ಇದ್ದರೆ ಸುಮ್ನೆ ಒಂದು ಚೂರು ಸುಟ್ಟಂತೆ ಅಷ್ಟೇ. ಇದನ್ನು ಆ ತಂಡಕ್ಕೆ ನೇರವಾಗಿ ಕೇಳಿ. ಅವರ ಉತ್ತರದಲ್ಲೇ ಅವರು ಎಂಥವರು ಅಂತ ಗೊತ್ತಾಗುತ್ತದೆ.

ಇನ್ನು ಮಾಡಿಸಲೇಬೇಕು ಅಂತಾದರೆ ಹೊರದೇಶ ಯಾಕೆ? ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಆ ಯಂತ್ರ ಇದೆ, ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದಲ್ಲೂ ಇದೆ.

ಇದಕ್ಕಿಂತ ಸುಲಭದ ದಾರಿ ನಿಮ್ಮ ಪೆಟ್ಟಿಗೆಯಲ್ಲೇ ಇರಬಹುದು. ಕಟ್ಟಿನ ಕೊನೆಯ ಗರಿ ನೋಡಿ. ಬರೆದವರು ಅಲ್ಲಿ ಸಂವತ್ಸರ, ಮಾಸ, ತಿಥಿ, ಕೆಲವೊಮ್ಮೆ ಊರು, ಹೆಸರು ಎಲ್ಲ ಹಾಕಿರುತ್ತಾರೆ. ಕೋಟಿಗಟ್ಟಲೆ ಬೆಲೆಯ ಯಂತ್ರ ಹೇಳಲಾಗದ್ದನ್ನು ತಿಗಳಾರಿ ಓದುವ ಒಬ್ಬರು ಐದು ನಿಮಿಷದಲ್ಲಿ ಹೇಳುತ್ತಾರೆ.

ಕೊನೆಯದಾಗಿ ಚಿತ್ರಗಳ ಬಗ್ಗೆ. ಚಿತ್ರ ಯಾರ ಹತ್ತಿರ ಇರುತ್ತದೆ, ಯಾರಿಗೆಲ್ಲ ಸಿಗುತ್ತದೆ ಅನ್ನೋದು ಗರಿಯಷ್ಟೇ ಮುಖ್ಯ. ಮೇಲೆ ಹೇಳಿದ ಆರ್ಕಿಮಿಡೀಸ್ ಪುಸ್ತಕವನ್ನು 1998ರಲ್ಲಿ ಹರಾಜಿನಲ್ಲಿ ಕೊಂಡವರು ತಮ್ಮ ಹೆಸರೇ ಹೇಳಲಿಲ್ಲ, ಕೊಟ್ಟದ್ದು 20 ಲಕ್ಷ ಡಾಲರ್. ಆದರೂ ಅದನ್ನು ಬಾಲ್ಟಿಮೋರಿನ ವಾಲ್ಟರ್ಸ್ ಮ್ಯೂಸಿಯಂಗೆ ಒಪ್ಪಿಸಿ ಅಧ್ಯಯನ ಮಾಡಿಸಿದರು. 2008ರಲ್ಲಿ ಅಷ್ಟೂ ಚಿತ್ರಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟರು.

ಹರ್ಕ್ಯುಲೇನಿಯಂ ಸುರುಳಿಗಳದ್ದು ಇನ್ನೂ ದೊಡ್ಡ ಕಥೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಇದ್ದಿಲಾಗಿ ಹೋದ ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಗದ) ಸುರುಳಿಗಳು ಅವು. ಬಿಚ್ಚಲು ಹೋದರೆ ಪುಡಿ. ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ತಂಡದವರು ಇಂಗ್ಲೆಂಡಿನ ಡೈಮಂಡ್ ಲೈಟ್ ಸೋರ್ಸ್ ಅನ್ನುವ ಪ್ರಬಲ ಎಕ್ಸ್‌ರೇ ಕೇಂದ್ರದಲ್ಲಿ, ಬಿಚ್ಚದೆಯೇ ಎಕ್ಸ್‌ರೇ ಹಾಯಿಸಿ ಒಳಗಿನ ಪದರಗಳ ಚಿತ್ರ ತೆಗೆದರು. ಇದ್ದಿಲಿನ ಮೇಲೆ ಇದ್ದಿಲಿನ ಶಾಯಿ, ಅಕ್ಷರ ಕಾಣೋದೇ ಇಲ್ಲ. 2023ರಲ್ಲಿ ಚಿತ್ರಗಳನ್ನು ಇಂಟರ್ನೆಟ್ಟಿಗೆ ಹಾಕಿ, ಓದಿದವರಿಗೆ ಬಹುಮಾನ ಅಂತ ಸಾರಿದರು. 2024ರ ಫೆಬ್ರವರಿಯಲ್ಲಿ 7 ಲಕ್ಷ ಡಾಲರ್ ಬಹುಮಾನ ಗೆದ್ದ ಮೂವರು ಯಾರು ಅಂತ ನೋಡಿ. ಈಜಿಪ್ಟಿನ ಯೂಸೆಫ್ ನಾದರ್, ಇದೇ ಬರ್ಲಿನ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದವರು. ಅಮೆರಿಕದ ಲ್ಯೂಕ್ ಫ್ಯಾರಿಟರ್, ಕಾಲೇಜು ಹುಡುಗ. ಸ್ವಿಟ್ಜರ್ಲೆಂಡಿನ ಜೂಲಿಯನ್ ಶಿಲ್ಲಿಗರ್. ಮೂವರೂ ಪುರಾತತ್ವದವರಲ್ಲ, ಕಂಪ್ಯೂಟರಿನವರು. ಕಂಪ್ಯೂಟರ್ ತೋರಿಸಿದ ಗ್ರೀಕ್ ಅಕ್ಷರಗಳು ನಿಜವಾ, ಅವುಗಳ ಅರ್ಥ ಏನು ಅಂತ ಹೇಳಿದ್ದು ಪಪೈರಸ್ ಓದುವ ವಿದ್ವಾಂಸರು. ಸುಖ, ಊಟ, ಸಂಗೀತದ ಬಗ್ಗೆ ಬರೆದಿತ್ತಂತೆ ಅದರಲ್ಲಿ. 2000 ವರ್ಷ ಯಾರೂ ಓದದ ಸಾಲು ಅವು.

ಚಿತ್ರ ಬೀಗ ಹಾಕಿಟ್ಟಿದ್ದರೆ ಇದು ಆಗುತ್ತಿತ್ತಾ? ಅದಕ್ಕೇ ಕಚ್ಚಾ ಚಿತ್ರಗಳ ಪೂರ್ತಿ ಪ್ರತಿ ನಿಮ್ಮ ಮನೆಗೂ, ಇಲ್ಲಿನ ಒಂದು ಸಂಸ್ಥೆಗೂ ಬರಬೇಕು ಅಂತ ಹಟ ಹಿಡಿಯಿರಿ.

ನೇರ ಮಾತು

ಎಲ್ಲ ಓದಿದೆ. ಒಳ್ಳೆಯ ಮಾಹಿತಿಯೇ. ಆದರೂ ನನ್ನದೊಂದು ಪ್ರಶ್ನೆ ಉಳಿಯುತ್ತದೆ. ಕೆಳದಿ ಮ್ಯೂಸಿಯಂ ಇವರ ಮನೆ ಪಕ್ಕದಲ್ಲೇ ಇದೆ, ಅಲ್ಲೇ ತಿಗಳಾರಿ ಓಲೆಗಳಿವೆ. ಮೈಸೂರಲ್ಲಿ 1891ರಿಂದ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರದ ಓಲೆ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು ಅಲ್ಲೇ, ಆಗ ಯಾವ ಅವಕೆಂಪು ಕ್ಯಾಮೆರಾನೂ ಇರಲಿಲ್ಲ. ಕೇಂದ್ರ ಸರ್ಕಾರದ ಹಸ್ತಪ್ರತಿ ಮಿಷನ್ 2003ರಲ್ಲೇ ಶುರುವಾಯಿತು, ಈಗ ಜ್ಞಾನ ಭಾರತಂ ಅಂತ ಹೊಸದೂ ಬಂದಿದೆ. ಇಷ್ಟೆಲ್ಲ ಇರುವಾಗ ಹೊರಗಿನವರ ಕೈ ಯಾಕೆ ನೋಡಬೇಕು? ನಮ್ಮವರಿಗೆ ಮೊದಲು ಕೊಡಿ. ಅವರು ಕಲಿಯಲಿ.

ಕಮಲಾಪುರದ ಸೈಕಲ್

ನೇರ ಮಾತು ಅವರೇ, ನಿಮ್ಮ ಕಳಕಳಿ ನನಗೂ ಇದೆ. ಆದರೆ ಇದು ಅವರಾ ಇವರಾ ಅನ್ನುವ ಪ್ರಶ್ನೆ ಅಲ್ಲ ಅಂತ ನನ್ನ ಊರನ್ನು ನೋಡಿ ಕಲಿತಿದ್ದೇನೆ.

ನಮ್ಮದು ಹಂಪಿ ಪಕ್ಕದ ಕಮಲಾಪುರ. 1980ರ ಸುಮಾರಿಗೆ ರಾಜ್ಯ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ. ಎಸ್. ನಾಗರಾಜ ರಾವ್ ಅವರ ಕಾಲದಲ್ಲಿ ಅಮೆರಿಕದ ಜಾನ್ ಫ್ರಿಟ್ಜ್, ಆಸ್ಟ್ರೇಲಿಯಾ ಮೂಲದ ಜಾರ್ಜ್ ಮಿಶೆಲ್ ಇಲ್ಲಿಗೆ ಬಂದರು. ಒಬ್ಬರು ಪುರಾತತ್ವದವರು, ಇನ್ನೊಬ್ಬರು ವಾಸ್ತುಶಿಲ್ಪದವರು. ಅವರೇನೂ ದೊಡ್ಡ ದೊಡ್ಡ ಗುಂಡಿ ತೋಡಲಿಲ್ಲ. ನೆಲದ ಮೇಲೆ ಏನಿದೆಯೋ ಅದನ್ನು ಅಳೆದು ಬರೆದರು. ಇಡೀ ನಗರವನ್ನು ಚೌಕ ಚೌಕ ಮಾಡಿಕೊಂಡು, ಬಿದ್ದ ಗೋಡೆ, ಬಾವಿ, ಮೆಟ್ಟಿಲು, ದಾರಿ, ಒಂದೂ ಬಿಡದೆ ಇಪ್ಪತ್ತು ವರ್ಷ ಚಳಿಗಾಲದಲ್ಲಿ ಬಂದು ಬಂದು ಮಾಡಿದರು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಟೇಪು ಹಿಡಿದು ಬಿಸಿಲಲ್ಲಿ ಕೂತು ನಕ್ಷೆ ಬರೆಯೋರು. ನಮ್ಮ ಅಣ್ಣ ಅವರ ಟೇಪಿನ ಇನ್ನೊಂದು ತುದಿ ಹಿಡಿದಿದ್ದಾನೆ. ಅದೇ ದಿನಗಳಲ್ಲಿ ಇಲಾಖೆಯವರು ಅಗೆಯುತ್ತಿದ್ದರು, ಇವರು ಅಳೆಯುತ್ತಿದ್ದರು, ವರದಿಗಳು ಮೈಸೂರಿನ ನಿರ್ದೇಶನಾಲಯದಿಂದಲೇ ಅಚ್ಚಾದವು. ಆಮೇಲೆ ಕಾರ್ಲಾ ಸಿನೊಪೊಲಿ, ಕ್ಯಾಥ್ಲೀನ್ ಮಾರಿಸನ್ ಬಂದು ನಗರದ ಸುತ್ತಲಿನ ಹೊಲ, ಕೆರೆ, ಕಾಲುವೆ ಎಲ್ಲ ನಡೆದು ನಡೆದು ದಾಖಲಿಸಿದರು. ದೇವಸ್ಥಾನ ಬಿಟ್ಟು ಒಕ್ಕಲು ಮಕ್ಕಳ ವಿಜಯನಗರ ಹೇಗಿತ್ತು ಅಂತ ಅಷ್ಟು ವಿವರವಾಗಿ ನೋಡಿದ್ದು ಅದರಿಂದ.

ಒಂದು ಫೋಟೋ ಕಥೆ ಹೇಳಲೇಬೇಕು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ಮೇಲೆ ಹಂಪಿಯ ಫೋಟೋ ತೆಗೆದಿದ್ದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ, ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆ ಗೋಪುರ ಇತ್ತು, ಈಗ ಇಲ್ಲ. ರಥ ಮೊದಲಿಂದಲೂ ಈಗಿನ ಹಾಗೇ ಬೋಳಾಗಿತ್ತು ಅಂತ ನಾನು ಚಿಕ್ಕವನಿದ್ದಾಗ ಅಂದುಕೊಂಡಿದ್ದೆ. ಆ ಫೋಟೋ ನೋಡಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ದಿನಾ ಸೈಕಲ್ಲಿನಲ್ಲಿ ಅದರ ಮುಂದೆಯೇ ಓಡಾಡಿದವನು ನಾನು.

ನಮ್ಮವರು ಇದನ್ನೆಲ್ಲ ಮಾಡಲಾರರು ಅಂತಲ್ಲ. ಇಲಾಖೆ ಬಾಗಿಲು ತೆಗೆದದ್ದಕ್ಕೇ ಇದು ಆಯಿತು. ನನ್ನ ದೂರು ಒಂದೇ. ಇಷ್ಟು ಕೆಲಸದ ಸಾರ ಕನ್ನಡದಲ್ಲಿ ಸಾಕಷ್ಟು ಬಂದಿಲ್ಲ. ಟೇಪು ಹಿಡಿದ ನಮ್ಮ ಅಣ್ಣನಿಗೆ ಆ ಪುಸ್ತಕ ಓದಲು ಬರಲ್ಲ. ಆದ್ದರಿಂದ ತಂಗೀ, ಒಪ್ಪಂದದಲ್ಲಿ ಕನ್ನಡದಲ್ಲಿ ಒಂದು ವರದಿ ಬೇಕು ಅನ್ನೋದನ್ನು ಸೇರಿಸಿ. ಹತ್ತೇ ಪುಟ ಆದರೂ ಸರಿ.

ಉಡುಪಿಯ ಓಲೆ

ಇದಕ್ಕೊಂದು ಸೇರಿಸುತ್ತೇನೆ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ಕ್ಕೆ ಸೇರಿತು. ಅಂದರೆ ಇನ್ನು ಮುಂದೆ ನಿಮ್ಮ ಗರಿಯ ಪಠ್ಯವನ್ನು ಅದೇ ಲಿಪಿಯಲ್ಲಿ ಟೈಪ್ ಮಾಡಿ ಇಡಬಹುದು. ಹಾಗಂತ ಓದುವವರು ದಿನೇ ದಿನೇ ಕಡಿಮೆ ಆಗುತ್ತಿದ್ದಾರೆ. ಫೋಟೋಗೆ ಅವಸರ ಇಲ್ಲ, ಗರಿ ಇನ್ನೂ ಹತ್ತು ವರ್ಷ ಇರುತ್ತದೆ. ಓದುವ ಹಿರಿಯರನ್ನು ಮೊದಲು ಹುಡುಕಿ.

ಮತ್ತೆ ದಯವಿಟ್ಟು ನೀವೇ ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆ ತಂದು ಗರಿಗೆ ಹಚ್ಚಲು ಹೋಗಬೇಡಿ. ಎಣ್ಣೆ ಒಳ್ಳೆಯದೇ, ಆದರೆ ಪುಡಿಯಾಗುವ ಗರಿಗೆ ಬಟ್ಟೆ ತಾಗಿದರೆ ಅಕ್ಷರ ಸಮೇತ ಬರುತ್ತದೆ.

ಸಾಗರದ ಹುಡುಗಿ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ವಾ.

ಪಕ್ಕದ ಊರಿನ ಒಬ್ಬ ಭಟ್ಟರು, 80 ದಾಟಿದೆ, ತಿಗಳಾರಿ ಓದುತ್ತಾರೆ ಅಂತ ಗೊತ್ತಾಯಿತು. ಅಪ್ಪಯ್ಯನೇ ಹೋಗಿ ಜೀಪಿನಲ್ಲಿ ಕರೆದುಕೊಂಡು ಬಂದರು. ಜಗಲಿಯಲ್ಲಿ ಬಿಳಿ ಪಂಚೆ ಹಾಸಿ, ಚೆನ್ನಾಗಿರುವ ಒಂದು ಕಟ್ಟು ಬಿಚ್ಚಿದೆವು. ಬರ್ಲಿನ್ ಅಣ್ಣ ಹೇಳಿದ ಹಾಗೆ ಕೊನೆಯ ಗರಿ ತೋರಿಸಿದೆ. ಅವರು ಬಿಸಿಲಿಗೆ ಓರೆ ಹಿಡಿದು, ಕಣ್ಣು ಕಿರಿದು ಮಾಡಿ, ಮೊದಲು ಮನಸ್ಸಲ್ಲೇ ಓದಿಕೊಂಡು ನಕ್ಕರು. ಆಮೇಲೆ ಜೋರಾಗಿ ಹೇಳಿದರು. ಭಗ್ನಪೃಷ್ಠಕಟಿಗ್ರೀವಃ ಸ್ತಬ್ಧದೃಷ್ಟಿರಧೋಮುಖಃ, ಕಷ್ಟೇನ ಲಿಖಿತಂ ಗ್ರಂಥಂ ಯತ್ನೇನ ಪರಿಪಾಲಯೇತ್. ಬೆನ್ನು, ಸೊಂಟ, ಕುತ್ತಿಗೆ ಮುರಿದುಕೊಂಡು, ತಲೆ ಬಗ್ಗಿಸಿ, ಕಣ್ಣು ನೆಟ್ಟು ಕಷ್ಟಪಟ್ಟು ಬರೆದ ಗ್ರಂಥ ಇದು, ಜೋಪಾನ ಮಾಡಿ ಅಂತ. ಓಲೆ ಬರೆದವರು ಎಲ್ಲ ಕಡೆ ಹಾಕುವ ಶ್ಲೋಕವಂತೆ ಅದು. ನಾನು ಮೊದಲ ಸಲ ಕೇಳಿದ್ದು. ಅಪ್ಪಯ್ಯ ಎದ್ದು ಒಳಗೆ ಹೋದರು, ಸ್ವಲ್ಪ ಹೊತ್ತು ಬರಲಿಲ್ಲ.

ಅದರ ಕೆಳಗೆ ವಿಕೃತಿ ಸಂವತ್ಸರ, ಕಾರ್ತಿಕ ಬಹುಳ ಅಂತ ಇದೆ, ತಿಥಿಯ ಜಾಗದಲ್ಲಿ ಗರಿ ಒಡೆದಿದೆ. ಶಕ ವರ್ಷ ಹಾಕಿಲ್ಲ. ಒಂದೇ ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಹಾಗಾಗಿ 1770, 1830 ಅಥವಾ 1890 ಆಗಬಹುದು. ಬರೆದವರ ಹೆಸರು ನಮ್ಮ ಅಜ್ಜನ ಅಜ್ಜನ ಹೆಸರೇ. ಆದರೆ ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ, ಅದರಿಂದ 1830 ಅಂತಲೂ 1890 ಅಂತಲೂ ಖಚಿತ ಹೇಳೋಕಾಗಲ್ಲ. ಉಳಿದ ಕಟ್ಟುಗಳಲ್ಲಿ ಏನಾದರೂ ಸಿಗಬಹುದು.

ತಂಡಕ್ಕೆ ಪತ್ರ ಬರೆದೆ. ಗರಿ ಮನೆಯಲ್ಲೇ, ಚೂರು ಇಲ್ಲ, ಕಚ್ಚಾ ಚಿತ್ರದ ಪ್ರತಿ ನಮಗೆ ಮತ್ತು ಇಲ್ಲಿನ ಒಂದು ಸಂಗ್ರಹಕ್ಕೆ, ಕನ್ನಡದಲ್ಲಿ ವರದಿ, ಭಟ್ಟರ ಹೆಸರು ಮತ್ತು ಗೌರವಧನ. ಕಾಲ ಪರೀಕ್ಷೆಯ ಬಗ್ಗೆ ಕೇಳಿದ್ದಕ್ಕೆ, ನೀವು ಹೇಳೋದು ಸರಿ, ಇಷ್ಟು ಈಚಿನದಕ್ಕೆ ಉಪಯೋಗ ಇಲ್ಲ ಅಂತ ನೇರವಾಗಿಯೇ ಒಪ್ಪಿಕೊಂಡರು. ಅದು ನನಗೆ ಹಿಡಿಸಿತು. ಉಳಿದದ್ದಕ್ಕೂ ಒಪ್ಪಿದ್ದಾರೆ, ಮೇಷ್ಟ್ರ ಮೂಲಕ ಒಪ್ಪಂದ ಪತ್ರ ಸಿದ್ಧವಾಗುತ್ತಿದೆ.

ಮಳೆಗಾಲದಲ್ಲಿ ಪೆಟ್ಟಿಗೆ ತೆಗೆಯೋದು ಬೇಡ ಅಂತ ಭಟ್ಟರು ಹೇಳಿದ್ದಾರೆ, ಹಾಗಾಗಿ ದೀಪಾವಳಿ ಕಳೆದ ಮೇಲೆ ಬರುತ್ತಾರೆ. ಅಷ್ಟರೊಳಗೆ ನಾನು ವಾರಕ್ಕೆ ಎರಡು ದಿನ ಭಟ್ಟರ ಮನೆಗೆ ಹೋಗಿ ಅಕ್ಷರ ಕಲಿಯುತ್ತಿದ್ದೇನೆ. ಸ್ವರಗಳು ಮುಗಿದವು, ಈಗ ಒತ್ತಕ್ಷರ.